ಪರದೆಯ ತೂತಿನಿಂದ ಕಂಡ ಮಂದಿ

ಮೊದಲ ಪ್ರಯೋಗದ ದಿನ ಎರಡನೇ ಬೆಲ್ ಆಯಿತೆಂದರೆ ನನ್ನ ಕಾಲು ತಾನಾಗಿ ಪರದೆಯ ಕಡೆಗೆ ನಡೆಯುತ್ತವೆ. ಹಳೆಯ ಪರದೆಗಳಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಸಣ್ಣ ತೂತು ಇರುತ್ತದೆ. ಇಲಿ ಕಡಿದದ್ದಲ್ಲ, ನಟರ ಬೆರಳು ಮಾಡಿದ್ದು. "ಮಂದೀನ ನೋಡಬ್ಯಾಡ, ಪಾತ್ರದಾಗ ಇರು" ಅಂತ ನಿರ್ದೇಶಕರು ಬೈಯುತ್ತಾರೆ. ಆದರೆ ಮಂದಿಯನ್ನು ಒಮ್ಮೆ ಕಣ್ತುಂಬ ನೋಡದೆ ಪಾತ್ರದೊಳಗೆ ಇಳಿಯುವುದು ನನಗೆ ಆಗುವುದಿಲ್ಲ. ಕಲಬುರಗಿಯ ಹವ್ಯಾಸಿ ತಂಡಗಳಲ್ಲಿ ಬಣ್ಣ ಹಚ್ಚುತ್ತ ಇಪ್ಪತ್ತು ವರ್ಷವಾಯಿತು, ಆ ಚಟ ಬಿಟ್ಟಿಲ್ಲ.

ಹೋದ ವರ್ಷ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಮ್ಮ ಹೊಸ ನಾಟಕ. ತಂಡದ ಗೆಳೆಯನೇ ಬರೆದದ್ದು. ಗಂಜಿನ, ಅಂದರೆ ಧಾನ್ಯದ ಪೇಟೆಯ, ತೊಗರಿ ವ್ಯಾಪಾರಿಯೊಬ್ಬ ಸಾಲ ತೀರಿಸಲಾರದೆ ಮನೆಯ ಕಣಜದ ಹಿಂದೆ ಅಡಗಿ ಕೂರುತ್ತಾನೆ. ಲೆಕ್ಕದ ವಹಿ ಹಿಡಿದು ಅವನನ್ನು ಹುಡುಕಿಕೊಂಡು ಬರುವ ಸಾವ್ಕಾರ ನಾನು.

ಮೊದಲ ದಿನದ ಮಂದಿಯೇ ಬೇರೆ. ಅವತ್ತು ನಾಯಕಿಯ ಅತ್ತೆಮನೆಯವರು ಎರಡು ಸಾಲು ತುಂಬ ಕುಳಿತಿದ್ದರು. ಅವರು ನಾಟಕ ನೋಡುವುದಿಲ್ಲ, ಸೊಸೆಯನ್ನು ನೋಡುತ್ತಾರೆ. ಸೊಸೆ ಒಳಗೆ ಹೋದಳೆಂದರೆ ಮಜ್ಜಿಗೆ ಬಾಟಲಿ ಹೊರಗೆ ಬರುತ್ತದೆ, ಸೊಸೆ ಬಂದಳೆಂದರೆ ಬಾಟಲಿ ಒಳಗೆ. ಗೋಡೆಯ ಬದಿಗೆ ಬೇರೆ ತಂಡದ ನಟರು ಕೈಕಟ್ಟಿ ಕುಳಿತಿದ್ದರು. ಇವರು ಬಾಯಿಂದ ನಗುವುದಿಲ್ಲ, ಮೂಗಿನಿಂದ ನಗುತ್ತಾರೆ. ಆ 'ಹ್ಞುಂ' ಅನ್ನುವ ಸಣ್ಣ ಸಪ್ಪಳ ನನಗೆ ಒಂದು ಚಪ್ಪಾಳೆಗೆ ಸಮ. ನಡುವೆ, ರುಮಾಲು ಸುತ್ತಿದ ಒಬ್ಬ ಹಿರಿಯರು ಎರಡೂ ಕೈ ಕೋಲಿನ ಮೇಲಿಟ್ಟು ನೆಟ್ಟಗೆ ಕುಳಿತಿದ್ದರು. ಹೋಳಿ ಆದಮೇಲೆ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರ ಕೂರುವ ಗತ್ತೇ ಅದು. ಅಂಥವರು ಒಬ್ಬರಿದ್ದರೂ ನನಗೆ ಧೈರ್ಯ. ಹಿಂದಿನ ಸಾಲಿನಲ್ಲಿ ಗಳಿಗೆಗೊಮ್ಮೆ ಕೈಗಡಿಯಾರ ನೋಡುವವರು ಬೇಸರಪಟ್ಟವರಲ್ಲ, ಆಳಂದದ ಕಡೆ, ಜೇವರ್ಗಿಯ ಕಡೆ ಕೊನೆಯ ಬಸ್ಸು ಹಿಡಿಯಬೇಕಾದವರು. ಇದನ್ನು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಮೊದಮೊದಲು ಯಾರಾದರೂ ಎದ್ದು ಹೋದರೆ ನನ್ನ ಮಾತೇ ಸಡಿಲಾಗುತ್ತಿತ್ತು. ಈಗ ಒಂಬತ್ತರ ಹೊತ್ತಿಗೆ ಬಾಗಿಲು ಕಿರ್ ಅಂದರೆ, ಬಸ್ಸು ಸಿಗಲಪ್ಪ ಇವರಿಗೆ ಅಂತ ಮನಸ್ಸು ಹರಸುತ್ತದೆ.

ಅತಿಥಿಗಳು ಬರಲು ತಡವಾಯಿತು, ಮುಕ್ಕಾಲು ತಾಸು. ಅದನ್ನು ಬಿಡಿ.

ಮೂರನೇ ಬೆಲ್ ಆಗಿ ಬೆಳಕು ಬಿತ್ತೆಂದರೆ ಈ ಮುಖಗಳೆಲ್ಲ ಮಾಯ. ಮೈಮೇಲಿನ ಬೆಳಕಿನಲ್ಲಿ ನಮಗೆ ಮುಂದಿನ ಎರಡು ಸಾಲು ಕಂಡರೆ ಹೆಚ್ಚು, ಅದರಾಚೆ ಬರೀ ಕತ್ತಲು. ಆಮೇಲೆ ಮಂದಿಯನ್ನು ಕಿವಿಯಿಂದಲೇ ನೋಡಬೇಕು. ಕುರ್ಚಿ ಕಿರುಗುಟ್ಟಿದರೆ ಮಾತು ಉದ್ದವಾಯಿತು ಎಂದರ್ಥ. ಕೆಮ್ಮು ಒಬ್ಬರದಾದರೆ ಧೂಳಿನದು, ನಾಲ್ಕು ಮೂಲೆಯಿಂದ ಬಂದರೆ ದೃಶ್ಯದ್ದು. ಅಂಥ ಹೊತ್ತಿನಲ್ಲಿ ದನಿ ಏರಿಸಬಾರದು, ಇಳಿಸಬೇಕು. ನಾನು ದನಿ ಇಳಿಸಿದೆನೆಂದರೆ ಅವರು ಮುಂದಕ್ಕೆ ಬಾಗುತ್ತಾರೆ, ಕೆಮ್ಮು ನಿಲ್ಲುತ್ತದೆ.

ನಗೆಯ ಲೆಕ್ಕ ಮಾತ್ರ ನಮ್ಮ ಊರಿನದೇ. ನಗೆ ಪೂರ್ತಿ ಆರುವ ತನಕ ಕಾಯಬೇಡ, ಅರ್ಧ ಇಳಿದಾಗಲೇ ಮುಂದಿನ ಮಾತು ಎತ್ತು ಅಂತ ತಾಲೀಮಿನಲ್ಲಿ ಕಲಿಸುತ್ತಾರೆ. ಕಲಬುರಗಿಯಲ್ಲಿ ಹಾಗೆ ಮಾಡಿದರೆ ಒಂದು ನಗೆ ಕೈತಪ್ಪುತ್ತದೆ. ನನ್ನ ಸಾವ್ಕಾರನ ಕನ್ನಡದ ತುಂಬ ದಖನಿ ಉರ್ದು. "ಪರೇಶಾನ್ ಆಗಬ್ಯಾಡ್ರಿ ಅಕ್ಕಾರ, ಹಿಸಾಬ್ ಕಿತಾಬ್ ಅಷ್ಟ ನೋಡಿ ಹೋಗ್ತೀನಿ" ಅಂದಾಗ ಒಂದು ನಗೆ ಎದ್ದಿತು, ಇಳಿಯಿತು. ಅದಾದ ಮೇಲೆ ಪಿಸುಪಿಸು. ಯಾರೋ ಪಕ್ಕದವರಿಗೆ, ಬೆಂಗಳೂರಿನಿಂದ ಬಂದ ಬೀಗರಿಗೋ ಏನೋ, ಅರ್ಥ ಬಿಡಿಸಿ ಹೇಳುತ್ತಿರುತ್ತಾರೆ. ಅದು ಮುಗಿದ ಕೂಡಲೇ ಎರಡನೇ ನಗೆ, ಮೊದಲಿನದಕ್ಕಿಂತ ಮೆತ್ತಗೆ, ಆದರೆ ಉದ್ದ. ಆ ನಡುವಿನ ಜಾಗವನ್ನು ತುಂಬಲು ನಾನು ವಹಿಯ ಹಾಳೆ ತಿರುವುತ್ತೇನೆ: ಬೆರಳಿಗೆ ಎಂಜಲು ಹಚ್ಚಿ ಒಂದು ಹಾಳೆ, ಮತ್ತೆ ಹಚ್ಚಿ ಇನ್ನೊಂದು. ಎರಡು ಹಾಳೆಗೆ ಎರಡನೇ ನಗೆ ಬರುತ್ತದೆ. ತಾಲೀಮಿನಲ್ಲಿ ಈ ಹಾಳೆ ಇರಲಿಲ್ಲ, ಮಂದಿ ಅಂದೇ ಕಲಿಸಿದ್ದು.

ಎರಡನೇ ಅಂಕದಲ್ಲಿ ನಾನು ನಡುಮನೆಯಲ್ಲಿ ನಿಂತು, "ಹಂಗಾರ ಎಲ್ಲಿ ಹೋದ ಈ ಮನಷ್ಯಾ?" ಅಂದೆ. ಹೆಂಡತಿಯ ಪಾತ್ರ "ಹೈದರಾಬಾದಿಗೆ ಹೋಗ್ಯಾರ್ರಿ" ಅನ್ನಬೇಕು. ಅವಳು ಬಾಯಿ ತೆರೆಯುವ ಮೊದಲೇ ಕತ್ತಲಿಂದ ಒಂದು ಹುಡುಗನ ದನಿ: "ಕಣಜದ ಹಿಂದ ಕುಂತಾನ್ ನೋಡ್ರೀ ಸಾವ್ಕಾರ್ರೆ!"

ಇಡೀ ಮಂದಿರ ನಕ್ಕಿತು. ಸಿಕ್ಕಿಬಿದ್ದವನ ಹಾಗೆ ಕಣಜವೇ ಅಲುಗಿತು, ಹಿಂದಿದ್ದ ಗೆಳೆಯನೂ ನಗುತ್ತಿದ್ದ. ಹುಡುಗನ ಮಾತು ಕೇಳಿಸದಂತೆ ಇದ್ದುಬಿಟ್ಟರೆ ಅವನಿಗೆ ಅವಮಾನ, ಕೇಳಿ ಕಣಜದ ಹಿಂದೆ ಹೋದರೆ ನಾಟಕವೇ ಮುಗಿಯಿತು. ನಾನು ಕಿವಿಗೆ ಕೈ ಹಚ್ಚಿ ಆ ದಿಕ್ಕಿಗೆ ತಿರುಗಿ, ನಿಧಾನ ಕಣಜದ ಕಡೆಗೆ ಎರಡು ಹೆಜ್ಜೆ ಇಟ್ಟೆ. ಹೆಂಡತಿ ಪಾತ್ರದವಳು ಚುರುಕಿನವಳು, ಅಡ್ಡ ಬಂದು "ಇಲಿ ಅದಾವ್ರಿ, ಕಚ್ಚತಾವ" ಅಂದಳು. ಬರೆಯದೇ ಹುಟ್ಟಿದ ಆ ಮಾತು ಈಗ ನಮ್ಮ ನಾಟಕದ ಪ್ರತಿಯಲ್ಲಿದೆ.

ಭರತಮುನಿ ನಾಟ್ಯಶಾಸ್ತ್ರದಲ್ಲಿ ಮಂದಿಯ ಪ್ರತಿಕ್ರಿಯೆಗಳನ್ನೇ ಪ್ರಯೋಗದ ಸಿದ್ಧಿ ಎಂದು ಎಣಿಸಿದ್ದಾನೆ. ಮುಗುಳುನಗೆ, ಅರೆನಗೆ, ಜೋರು ನಗೆ, 'ಸಾಧು' ಎಂಬ ಉದ್ಗಾರ, ರೋಮಾಂಚನ, ಕುಳಿತಲ್ಲಿಂದ ಏಳುವುದು, ಮೆಚ್ಚಿ ಬಟ್ಟೆ ಉಂಗುರ ಕೊಡುವುದು, ಎಲ್ಲವೂ ಅಲ್ಲಿವೆ. ಇವು ಮಾನುಷೀ ಸಿದ್ಧಿ. ಬಟ್ಟೆ ಕೊಡುವ ಮಾತು ಓದಿದಾಗ ನನಗೆ ನಮ್ಮ ಹಳ್ಳಿಗಳ ಆಯೇರಿ ನೆನಪಾಯಿತು. ರಾಜ ಸಿಂಹಾಸನದ ಮೇಲಿರುವಾಗಲೇ ಆಟ ನಿಲ್ಲಿಸಿ ಅವನ ಹೆಗಲಿಗೆ ಟವೆಲ್ ಹೊದಿಸಿ, ಮೈಕಿನಲ್ಲಿ ಕೊಟ್ಟವರ ಹೆಸರು ಹೇಳುತ್ತಾರಲ್ಲ, ಅದೇ. ಶಬ್ದವಿಲ್ಲದೆ, ಕದಲಿಕೆಯಿಲ್ಲದೆ, ಕಂಟಕವಿಲ್ಲದೆ ರಂಗ ತುಂಬಿದ್ದರೆ ಅದು ದೈವೀ ಸಿದ್ಧಿ. ಕೊನೆಯ ದೃಶ್ಯದಲ್ಲಿ ಸಾವ್ಕಾರ ವಹಿಯಿಂದ ಒಂದು ಹಾಳೆ ಹರಿದು ಕಣಜದ ಮೇಲಿಟ್ಟು ಹೋಗುವಾಗ ಅಂಥದೊಂದು ಗಳಿಗೆ ಬಂತು. ಫ್ಯಾನುಗಳ ಸಪ್ಪಳ ಮಾತ್ರ. ನನ್ನ ಮೈ ಜುಮ್ಮೆಂದಿತು.

ಆದರೂ ಒಂದು ಕೊರಗು ಉಳಿದಿತ್ತು. ಎರಡನೇ ಅಂಕ ಪೂರ್ತಿ ನಗೆ ಬಂದದ್ದು ನಡುವಿನಿಂದ ಮತ್ತು ಬಲಗಡೆಯಿಂದ. ಎಡಗಡೆಯ ಮಂದಿ ತಣ್ಣಗಿದ್ದರು. ಅವರಿಗಾಗಿ ಎರಡು ಸಲ ಎಡಕ್ಕೆ ತಿರುಗಿ ಮಾತಾಡಿದೆ, ಒಮ್ಮೆ ಮುಂಡಾಸು ಬಿಚ್ಚಿ ಸುತ್ತಿದೆ, ಏನೂ ಬರಲಿಲ್ಲ.

ಬಣ್ಣ ಒರೆಸುತ್ತಿದ್ದಾಗ ಒಬ್ಬ ತಾಯಿ ಮಗಳ ಕೈಹಿಡಿದು ಮೇಕಪ್ ಕೋಣೆಯ ಬಾಗಿಲಿಗೆ ಬಂದರು. "ನಾಟಕ ಚೊಲೊ ಆತ್ರಿ. ಖರೆ, ನಾವು ಎಡಕ ಕುಂತಿದ್ವಿ. ಎಲ್ಲಾರೂ ನಗಾಕತ್ತಿದ್ರು, ನಮಗ ಕಣಜದ ಹಿಂದಿನಾಂವ ಕಾಣಲೇ ಇಲ್ರಿ."

ಆಗಲೇ ಗೆಳೆಯನನ್ನು ಕರೆದುಕೊಂಡು ವೇದಿಕೆಗೆ ಹೋದೆ. ನಾನು ಕೆಳಗಿಳಿದು ಎಡಗಡೆಯ ಕೊನೆಯ ಕುರ್ಚಿಯಲ್ಲಿ ಕುಳಿತೆ, ಅವನು ಅಡಗಿದ. ಬರೀ ಕಣಜ ಕಂಡಿತು. ಒಂದೂವರೆ ಅಡಿ ಸರಿಸಿ ಸ್ವಲ್ಪ ಓರೆ ಮಾಡಿದಾಗ ಅವನ ಮುಂಡಾಸು, ಮೂಗು, ಆಮೇಲೆ ಕಣ್ಣು ಕಂಡವು. ಸೀಮೆಸುಣ್ಣದಿಂದ ನಾಲ್ಕೂ ಮೂಲೆಗೆ ಗುರುತು ಹಾಕಿದೆವು.

ಎರಡನೇ ದಿನ ಮೊದಲ ಕೂಗು ಎಡಗಡೆಯಿಂದಲೇ ಬಂತು.