ಅಮೆರಿಕದ ಕಮ್ಯುನಿಟಿ ಕಾಲೇಜು ಹಣ ಹೊಂದಿಸುವುದು ಹೇಗೆ?

ಅಮೆರಿಕದ ಸರ್ಕಾರಿ ಕಮ್ಯುನಿಟಿ ಕಾಲೇಜಿನ (ಮುಖ್ಯವಾಗಿ ಎರಡು ವರ್ಷದ ಪದವಿ, ವೃತ್ತಿ ಕೋರ್ಸು ನಡೆಸುವ ಸ್ಥಳೀಯ ಕಾಲೇಜು) ದಿನನಿತ್ಯದ ಖರ್ಚು ಸಾಗುವುದು ಮುಖ್ಯವಾಗಿ ರಾಜ್ಯದ ನೆರವು, ವಿದ್ಯಾರ್ಥಿಗಳ ಶುಲ್ಕ ಮತ್ತು ಹಲವು ರಾಜ್ಯಗಳಲ್ಲಿ ಸ್ಥಳೀಯ ಆಸ್ತಿ ತೆರಿಗೆಯಿಂದ. ಕೇಂದ್ರದ ಅನುದಾನ ಇವುಗಳ ಮೇಲಿನ ಸೇರ್ಪಡೆ. ಸಂಬಳ, ಕರೆಂಟ್ ಬಿಲ್, ಕಟ್ಟಡ ದುರಸ್ತಿಯನ್ನು ಅನುದಾನದ ಭರವಸೆಯ ಮೇಲೆ ಬಿಡಬಾರದು. ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ರಾಜ್ಯದ ಹಣದಿಂದ.

ಮೊದಲ ಹೆಜ್ಜೆ: ರಾಜ್ಯದ ಸೂತ್ರ ಅರಿಯಿರಿ

ಪ್ರತಿ ರಾಜ್ಯದ ಸೂತ್ರ ಬೇರೆ. ಟೆಕ್ಸಾಸ್ 2023ರಲ್ಲಿ ಕಾನೂನು ತಂದು, ಎಷ್ಟು ಜನ ಸೇರಿದರು ಎನ್ನುವುದಕ್ಕಿಂತ ಎಷ್ಟು ಜನ ಪದವಿ, ಸರ್ಟಿಫಿಕೇಟ್ ಪಡೆದರು ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿತು. ಕ್ಯಾಲಿಫೋರ್ನಿಯಾದ 2018ರ ಸೂತ್ರದಲ್ಲಿ ಸುಮಾರು ಶೇ 70 ಭಾಗ ದಾಖಲಾತಿಗೆ, ಶೇ 20 ಬಡ ವಿದ್ಯಾರ್ಥಿಗಳ ಸಂಖ್ಯೆಗೆ, ಶೇ 10 ಫಲಿತಾಂಶಕ್ಕೆ ಮೀಸಲು.

ಕ್ಯಾಲಿಫೋರ್ನಿಯಾದಲ್ಲಿ ದಾಖಲಾತಿಗೆ ತಲೆ ಎಣಿಸುವುದಿಲ್ಲ, ಗಂಟೆ ಎಣಿಸುತ್ತಾರೆ. 525 ತರಗತಿ ಗಂಟೆಗಳಿಗೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿ. ವಾರಕ್ಕೆ 3 ಗಂಟೆಯಂತೆ ಹದಿನೇಳೂವರೆ ವಾರ ನಡೆಯುವ ಪಾಠಕ್ಕೆ 30 ಜನ ಇದ್ದರೆ 1,575 ಗಂಟೆ, ಅಂದರೆ ಮೂವರು ಪೂರ್ಣಾವಧಿ ವಿದ್ಯಾರ್ಥಿಗಳು. ಕೋರ್ಸಿನ ಐದನೇ ಒಂದು ಭಾಗ ಮುಗಿಯುವ ಹೊತ್ತಿಗೆ ಗಣತಿ ದಿನ, ಅಂದರೆ ಹಣದ ಲೆಕ್ಕಕ್ಕೆ ವಿದ್ಯಾರ್ಥಿಗಳನ್ನು ಎಣಿಸುವ ದಿನ, ಬರುತ್ತದೆ. ಅದಕ್ಕೆ ಮುಂಚೆ ಐವರು ಬಿಟ್ಟುಹೋದರೆ ಲೆಕ್ಕ ಎರಡೂವರೆಗೆ ಇಳಿಯುತ್ತದೆ. ಮೇಷ್ಟ್ರ ಸಂಬಳ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಮೊದಲ ಮೂರು ವಾರ ತರಗತಿಗೆ ಬಾರದವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ಹಣಕಾಸಿನ ಕೆಲಸವೂ ಹೌದು.

ಎರಡನೆಯದು: ಪರ್ಕಿನ್ಸ್ ಹಣ

ವೆಲ್ಡಿಂಗ್, ನರ್ಸಿಂಗ್ ಥರದ ವೃತ್ತಿ ಶಿಕ್ಷಣಕ್ಕೆ ಪರ್ಕಿನ್ಸ್ ಎಂಬ ಕಾಯ್ದೆಯಡಿ ಸಿಗುವ ಈ ಕೇಂದ್ರ ಹಣ ರಾಜ್ಯದ ಮೂಲಕ ಬರುತ್ತದೆ. ವೃತ್ತಿ ಕೋರ್ಸುಗಳಲ್ಲಿರುವ ಪೆಲ್ ಅನುದಾನ (ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ನೆರವು) ಪಡೆಯುವ ವಿದ್ಯಾರ್ಥಿಗಳ ಸಂಖ್ಯೆ ನೋಡಿ ಪಾಲು ನಿಗದಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಸ್ಥಳೀಯ ಅಗತ್ಯಗಳ ಸಮೀಕ್ಷೆ ಮಾಡಬೇಕು. ಆಡಳಿತ ವೆಚ್ಚ ಶೇ 5 ಮೀರಬಾರದು. ಕಾಲೇಜುಗಳು ಎಡವುವುದು ಇಲ್ಲೇ: ಹೋದ ವರ್ಷ ರಾಜ್ಯದ ಹಣದಲ್ಲಿ ಸಂಬಳ ಪಡೆದ ಶಿಕ್ಷಕರನ್ನು ಈ ವರ್ಷ ಪರ್ಕಿನ್ಸ್ ಲೆಕ್ಕಕ್ಕೆ ಹಾಕುತ್ತಾರೆ. ಈ ಹಣ ಇರುವ ಖರ್ಚಿಗೆ ಬದಲಿಯಲ್ಲ, ಹೆಚ್ಚುವರಿ. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಟ್ಟಬೇಕಾಗುತ್ತದೆ.

ಮೂರನೆಯದು: ಸ್ಪರ್ಧೆಯ ಅನುದಾನ

1965ರ ಉನ್ನತ ಶಿಕ್ಷಣ ಕಾಯ್ದೆಯ ಮೂರನೇ ಶೀರ್ಷಿಕೆಯ (ಸಂಪನ್ಮೂಲ ಕಡಿಮೆ ಇರುವ ಕಾಲೇಜುಗಳನ್ನು ಬಲಪಡಿಸುವ ಭಾಗ) ಅನುದಾನ, ಬಡ ಮತ್ತು ಹಿಂದುಳಿದ ವಿದ್ಯಾರ್ಥಿಗಳಿಗೆ ನೆರವಾಗುವ ಟ್ರಿಯೋ ಎಂಬ ಕೇಂದ್ರ ಕಾರ್ಯಕ್ರಮಗಳು, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ತಂತ್ರಜ್ಞ ತರಬೇತಿ ಅನುದಾನ ಇವೆಲ್ಲ ಅರ್ಜಿ ಹಾಕಿ ಗೆಲ್ಲಬೇಕಾದವು. ಕೇಂದ್ರದ ಅನುದಾನ ಪಡೆಯುವವರು ಹೆಸರು ನೋಂದಾಯಿಸುವ ಸ್ಯಾಮ್ (SAM.gov) ಪೋರ್ಟಲ್‌ನಲ್ಲಿ ಕಾಲೇಜಿನ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ನೋಡಿ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಕೊನೆಯ ದಿನ ನೋಂದಣಿ ಮುಗಿದುಹೋಗಿದ್ದರೆ ತಿಂಗಳುಗಳ ಬರವಣಿಗೆ ನೀರುಪಾಲು.

ಬಜೆಟ್ ಬರೆಯುವಾಗ ಪರೋಕ್ಷ ವೆಚ್ಚ ಮರೆಯಬೇಡಿ. ಅನುದಾನದ ಸಿಬ್ಬಂದಿಗೂ ಕೊಠಡಿ, ಕರೆಂಟ್, ಲೆಕ್ಕಪತ್ರ ವಿಭಾಗದ ಸಮಯ ಬೇಕು. ಟ್ರಿಯೋದಲ್ಲಿ ಇದರ ಮಿತಿ ಶೇ 8. ಸಾಮಾನ್ಯವಾಗಿ 2 ಲಕ್ಷ ಡಾಲರ್ ನೇರ ವೆಚ್ಚಕ್ಕೆ 16 ಸಾವಿರ ಡಾಲರ್ ಮಾತ್ರ. ನಿಜವಾದ ಖರ್ಚು ಅದಕ್ಕಿಂತ ಹೆಚ್ಚಾದರೆ ಉಳಿದದ್ದು ರಾಜ್ಯದ ಹಣದಿಂದಲೇ ಹೋಗುತ್ತದೆ. ಅರ್ಜಿಗೆ ಸಹಿ ಹಾಕುವ ಮುನ್ನ ಹಣಕಾಸು ಅಧಿಕಾರಿ ಈ ಕೊರತೆಯನ್ನು ಅಂಕಿಯಲ್ಲಿ ಬರೆದಿಡಬೇಕು.

ಅನುದಾನ ಬಂದ ಮೇಲೆ

ಅರ್ಧ ಹೊತ್ತು ಅನುದಾನಕ್ಕೆ, ಅರ್ಧ ಹೊತ್ತು ಕಾಲೇಜಿಗೆ ದುಡಿಯುವವರ ಸಮಯದ ದಾಖಲೆ ನಿಜವಾಗಿ ಮಾಡಿದ ಕೆಲಸಕ್ಕೆ ತಾಳೆಯಾಗಬೇಕು. ಅರ್ಜಿಯಲ್ಲಿನ ಅಂದಾಜನ್ನೇ ನಕಲು ಮಾಡಿದರೆ ಆಡಿಟರ್ ಒಪ್ಪುವುದಿಲ್ಲ. ಕಡತಗಳನ್ನು ಅಂತಿಮ ಹಣಕಾಸು ವರದಿ ಸಲ್ಲಿಸಿದ ದಿನದಿಂದ ಕನಿಷ್ಠ ಮೂರು ವರ್ಷ ಕಾಪಾಡಿ.

ಅತಿ ನೋವಿನ ತಪ್ಪು ಆಗುವುದು ಕೊನೆಯಲ್ಲಿ. ಐದು ವರ್ಷದ ಅನುದಾನದಲ್ಲಿ ನೇಮಿಸಿಕೊಂಡ ಸಲಹೆಗಾರರನ್ನು ವಿದ್ಯಾರ್ಥಿಗಳು ನೆಚ್ಚಿಕೊಂಡಿರುತ್ತಾರೆ, ಹಣ ನಿಂತ ದಿನ ಅವರ ಕುರ್ಚಿ ಖಾಲಿಯಾಗುತ್ತದೆ. ಇದನ್ನು ತಪ್ಪಿಸಲು ಅರ್ಜಿಯಲ್ಲೇ ಸಂಬಳದ ವರ್ಗಾವಣೆ ಬರೆಯಿರಿ: ಮೂರನೇ ವರ್ಷ ಕಾಲು ಭಾಗ, ನಾಲ್ಕನೇ ವರ್ಷ ಅರ್ಧ, ಐದನೇ ವರ್ಷ ಮುಕ್ಕಾಲು ಭಾಗ ಕಾಲೇಜಿನ ಮೂಲ ಬಜೆಟ್‌ನಿಂದ.