ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಕೆಗೆ ಮೊದಲ ಕೋರ್ಸನ್ನು ಆಯ್ದುಕೊಳ್ಳುವುದು ಹೇಗೆ?

ಶುಲ್ಕ ಕಟ್ಟುವ ಮೊದಲು ಪಠ್ಯಕ್ರಮವನ್ನು ಸಾವಧಾನವಾಗಿ ಓದಿ, ಓಎಸ್‌ಐ ಮಾದರಿಯ (ಜಾಲದ ಸಂವಹನವನ್ನು ಹಂತಗಳಾಗಿ ವಿವರಿಸುವ ಚೌಕಟ್ಟು) 7 ಪದರಗಳು, ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ), ಸಬ್‌ನೆಟ್ (ದೊಡ್ಡ ಜಾಲವನ್ನು ವಿಭಜಿಸಿದ ಉಪಜಾಲ), ಸ್ವಿಚ್ ಮತ್ತು ರೂಟರ್‌ಗಳ ಕೆಲಸ, ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಇವಿಷ್ಟೂ ಅದರಲ್ಲಿವೆಯೇ ಎಂದು ನೋಡಿಕೊಳ್ಳಬೇಕು. ಪದರಗಳ ಹೆಸರನ್ನು ಬಾಯಿಪಾಠ ಮಾಡಿಸುವುದಷ್ಟೇ ಕೋರ್ಸಿನ ಗುರಿಯಾಗಿದ್ದರೆ ಅದನ್ನು ಬಿಡುವುದೇ ಲೇಸು. ಬೋಧಕರ ಸಾಮರ್ಥ್ಯವನ್ನು ತಿಳಿಯಲು ಸಬ್‌ನೆಟ್ ಕುರಿತ ಮಾದರಿ ಪಾಠವೊಂದನ್ನು ಕೇಳಿ: 192.168.1.0/26 ಎಂಬ ಜಾಲದಲ್ಲಿ 64 ವಿಳಾಸಗಳಿದ್ದರೂ, ಮೊದಲನೆಯದು ಜಾಲದ ಗುರುತಿಗೂ ಕೊನೆಯದು ಬ್ರಾಡ್‌ಕಾಸ್ಟಿಗೂ (ಜಾಲದ ಎಲ್ಲ ಸಾಧನಗಳಿಗೆ ಒಮ್ಮೆಗೇ ಸಂದೇಶ ಕಳಿಸಲು) ಮೀಸಲಾಗುವುದರಿಂದ ಸಾಧನಗಳಿಗೆ 62 ಮಾತ್ರ ಉಳಿಯುತ್ತವೆ ಎಂಬುದನ್ನು ಬಿಟ್‌ಗಳನ್ನು ಬರೆದು ವಿವರಿಸುವವರನ್ನು ಧಾರಾಳವಾಗಿ ನಂಬಬಹುದು. ಅಭ್ಯಾಸಕ್ಕೆ ದುಬಾರಿ ಉಪಕರಣಗಳೇನೂ ಬೇಕಿಲ್ಲ. ಕಂಪ್ಯೂಟರಿನಲ್ಲೇ ಜಾಲವನ್ನು ಅನುಕರಿಸಿ ಕಲಿಯಲು ನೆಟ್‌ವರ್ಕಿಂಗ್ ಕಂಪನಿ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಜಾಲದಲ್ಲಿ ಹರಿಯುವ ದತ್ತಾಂಶವನ್ನು ಪರಿಶೀಲಿಸುವ ವೈರ್‌ಶಾರ್ಕ್ ಕೂಡ. ಮುಂದೆ ಸಿಸಿಎನ್‌ಎ (ಸಿಸ್ಕೊ ನೀಡುವ ನೆಟ್‌ವರ್ಕಿಂಗ್ ಪ್ರಮಾಣಪತ್ರ) ಪರೀಕ್ಷೆ ಬರೆಯುವ ಉದ್ದೇಶವಿದ್ದರೆ, ಪಾಠಗಳು ಅದರ ಈಗಿನ ಪಠ್ಯಕ್ರಮಕ್ಕೆ ಹೊಂದುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ.