ಬಿರಡೆಯಿಂದ ಮೊಸರಿನವರೆಗೆ: ಕೋಶದ ಪಾಠ ನಾನು ಮಾಡುವ ಬಗೆ

ಕೋಶದ ಪಾಠ ಅಂದರೆ ಎಲ್ಲರೂ ಈರುಳ್ಳಿ ತರುತ್ತಾರೆ. ನಾನು ಮೊದಲು ಬಾಟಲಿಯ ಬಿರಡೆ ತರುತ್ತೇನೆ. ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಪ್ರಿನ್ಸೆಸ್ ಸ್ಟ್ರೀಟ್ ಕಡೆ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಕಾರ್ಕ್ ಸಿಗುತ್ತದೆ. ರಬ್ಬರಿನದು ಬೇಡ, ಮರದ ತೊಗಟೆಯದ್ದೇ ಆಗಬೇಕು. ಹೊಸ ಬ್ಲೇಡಿನಿಂದ ಅಂಚನ್ನು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗಿನ ಚೂರನ್ನು ಸ್ಲೈಡಿಗೆ ಹಾಕುತ್ತೇನೆ.

ಜುಲೈಯಲ್ಲಿ ಮೋಡ ಕವಿದರೆ ಮೈಕ್ರೋಸ್ಕೋಪಿನ ಕನ್ನಡಿಗೆ ಬೆಳಕು ಸಾಲುವುದಿಲ್ಲ. ಆಗ ಮೊಬೈಲ್ ಟಾರ್ಚಿನ ಮುಂದೆ ಬಿಳಿ ಕಾಗದ ಹಿಡಿದರೆ ಆಯಿತು.

ಸಾಲಾಗಿ ಪುಟ್ಟ ಕೋಣೆಗಳು ಕಾಣುತ್ತವೆ. ಕಲಬುರಗಿ ಕಡೆಯ ಹುಡುಗಿಯೊಬ್ಬಳು ಇಣುಕಿ, "ಟೀಚರ್, ಒಳಗ ಏನೂ ಇಲ್ಲರೀ, ಖಾಲಿ ಐತಿ" ಅಂದಳು. ಬಿರಡೆಯ ಚೂರಿನಲ್ಲಿ ಈ ಕೋಣೆಗಳನ್ನು ನೋಡಿ 'ಸೆಲ್' (ಕೋಶ) ಅಂತ ಹೆಸರಿಟ್ಟ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕಂಡಿದ್ದೂ ಅದನ್ನೇ. ಸತ್ತ ಕೋಶಗಳ ಗೋಡೆ ಮಾತ್ರ ಉಳಿದಿತ್ತು. 1665ರಲ್ಲಿ ಅದನ್ನು ಪ್ರಕಟಿಸುವಾಗ ಆತ ಲೆಕ್ಕವನ್ನೂ ಕೊಟ್ಟಿದ್ದ: ಒಂದು ಅಂಗುಲ ಉದ್ದಕ್ಕೆ ಸುಮಾರು 1080 ಕೋಣೆಗಳು. ಹಾಗಾದರೆ ಒಂದು ಘನ ಅಂಗುಲದಲ್ಲಿ ಎಷ್ಟು? ಬೋರ್ಡಿನ ಮೇಲೆ ಮಕ್ಕಳೇ ಗುಣಿಸುತ್ತಾರೆ. 125 ಕೋಟಿ ದಾಟುತ್ತದೆ! ಈ ಲೆಕ್ಕ ಮಾಡಿದ ಮೇಲೆ ಹುಕ್‌ನ ಹೆಸರನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆಮೇಲೆ ಈರುಳ್ಳಿ. ಒಳಸಿಪ್ಪೆಗೆ ಒಂದು ಹನಿ ಅಯೋಡಿನ್ ಹಾಕಿದರೆ ಪ್ರತಿ ಕೋಶದಲ್ಲೂ ಕಂದು ಚುಕ್ಕೆ ಎದ್ದು ಕಾಣುತ್ತದೆ. ಅದೇ ಕೋಶಕೇಂದ್ರ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದಲ್ಲಿ ಗುರುತಿಸಿ ಹೆಸರಿಟ್ಟಿದ್ದು ಇದನ್ನೇ. ಕೆನ್ನೆಯ ಒಳಭಾಗವನ್ನು ಟೂತ್‌ಪಿಕ್‌ನಿಂದ ಮೆಲ್ಲಗೆ ಸವರಿ, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿದರೆ ಅಲ್ಲೂ ಕೋಶಕೇಂದ್ರ ಸಿಗುತ್ತದೆ, ಗೋಡೆ ಮಾತ್ರ ಇರುವುದಿಲ್ಲ. ಒಬ್ಬರು ಬಳಸಿದ ಕಡ್ಡಿಯನ್ನು ಇನ್ನೊಬ್ಬರು ಮುಟ್ಟಬಾರದು.

ನನಗೆ ಎಲ್ಲಕ್ಕಿಂತ ಮುಖ್ಯ ಮೊಸರು. ಪ್ರೋಕ್ಯಾರಿಯೋಟ್ (ಕೋಶಕೇಂದ್ರ ಇಲ್ಲದ ಜೀವಿ), ಯೂಕ್ಯಾರಿಯೋಟ್ (ಕೋಶಕೇಂದ್ರ ಇರುವ ಜೀವಿ) ಅಂತ ಎರಡು ಕಾಲಮ್ ಬರೆಸಿಬಿಟ್ಟರೆ ಪರೀಕ್ಷೆ ಮುಗಿಯುತ್ತದೆ, ವಿಷಯ ತಲೆಗೆ ಹತ್ತುವುದಿಲ್ಲ. ಮೊಸರಿನ ಮೇಲೆ ನಿಂತ ತಿಳಿನೀರನ್ನು ಒಂದು ಹನಿ ತೆಗೆದುಕೊಳ್ಳಿ. ಗಟ್ಟಿ ಮೊಸರು ಬೇಡ, ಕೊಬ್ಬು ಅಡ್ಡ ಬರುತ್ತದೆ. ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಒಣಗಿಸಿ, ದೀಪದ ಮೇಲೆ ಬೇಗ ಹಾಯಿಸಿ. ಮೆಥಿಲೀನ್ ಬ್ಲೂ ಹಾಕಿ ಒಂದು ನಿಮಿಷ ಬಿಟ್ಟು ತೊಳೆಯಿರಿ. ಕೆನ್ನೆಯ ಕೋಶ ನೋಡಿದ ಅದೇ 400 ಪಟ್ಟು ವರ್ಧನೆಯಲ್ಲಿ ನೋಡಿದರೆ ಸಣ್ಣ ನೀಲಿ ಕಡ್ಡಿಗಳು, ಚುಕ್ಕೆಗಳು ಕಾಣುತ್ತವೆ. ಅವೇ ಮೊಸರಿನ ಬ್ಯಾಕ್ಟೀರಿಯಾ. ಕೆನ್ನೆಯ ಕೋಶದ ಮುಂದೆ ಅವು ಏನೂ ಅಲ್ಲ. ಒಂದೊಂದು ಕಡ್ಡಿಯೂ ಒಂದು ಪೂರ್ತಿ ಜೀವ. ಅದರ ಡಿಎನ್‌ಎ ಸುತ್ತ ಪೊರೆಯಿಲ್ಲ, ಅಂದರೆ ಕೋಶಕೇಂದ್ರವೇ ಇಲ್ಲ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿದ ಒಂದೇ ಮಸೂರದಿಂದ ಹಲ್ಲಿನ ಪಾಚಿಯಲ್ಲಿ ಇಂಥ ಜೀವಿಗಳನ್ನು ಕಂಡು 1683ರಲ್ಲಿ ಲಂಡನ್ನಿಗೆ ಪತ್ರ ಬರೆದ ಅನ್ನುವುದನ್ನು ಆಗಲೇ ಹೇಳುತ್ತೇನೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ ಮಕ್ಕಳು ಅದನ್ನು ನಂಬುತ್ತಾರೆ.

ಒಂದು ಪ್ರಶ್ನೆ ಸಾಮಾನ್ಯವಾಗಿ ಬಂದೇ ಬರುತ್ತದೆ, ಬಂದರೆ ನನಗೆ ಖುಷಿ. "ನಮ್ಮ ಕೆಂಪು ರಕ್ತಕಣದಲ್ಲೂ ಕೋಶಕೇಂದ್ರ ಇಲ್ವಲ್ಲ ಟೀಚರ್, ಅದೂ ಪ್ರೋಕ್ಯಾರಿಯೋಟ್ ಅಲ್ವಾ?" ಅಲ್ಲ. ಮೂಳೆಯ ಮಜ್ಜೆಯಲ್ಲಿ ಹುಟ್ಟುವಾಗ ಅದಕ್ಕೂ ಕೋಶಕೇಂದ್ರ ಇರುತ್ತದೆ. ಹಿಮೋಗ್ಲೋಬಿನ್ ತುಂಬಿಕೊಂಡು ಬಲಿಯುವಾಗ ಅದನ್ನು ಹೊರಹಾಕುತ್ತದೆ. ಮೊಸರಿನ ಬ್ಯಾಕ್ಟೀರಿಯಾಕ್ಕೆ ಅದು ಯಾವತ್ತೂ ಇರಲೇ ಇಲ್ಲ.